ಉರಿಸದೆ ಬೇಯಿಸುವ ವಿದ್ಯೆ



ಈ ತಿಂಗಳ ಮಾತನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ನಮ್ಮ ಶಾಲೆಯ ಹಿಂಬದಿಯಲ್ಲಿ ಮುರಕಲ್ಲು ಕಡಿದುಳಿದ ಗುಂಡಿಯೊಂದಿತ್ತು. ವಾರದ ಕಸವನ್ನೆಲ್ಲ ಪ್ರತಿ ಶುಕ್ರವಾರ ಸಂಜೆ ಅದರಲ್ಲಿ ಹಾಕಿಸಿ ಸುಡಿಸುವ ಪದ್ಧತಿಯನ್ನು ಹಲವು ವರ್ಷ ನಡೆಸಿಕೊಂಡು ಬಂದವರು ನಾವೇ. ತರಗೆಲೆ, ಹರಿದ ಕಾಗದ, ಮಿಠಾಯಿಯ ಹೊದಿಕೆ, ಹಾಲಿನ ತೊಟ್ಟೆ, ಒಮ್ಮೊಮ್ಮೆ ಹಳೆಯ ಸೈಕಲ್ ಟಯರು, ಎಲ್ಲವೂ ಒಂದೇ ಬೆಂಕಿಗೆ. ಅಂಗಳ ಸ್ವಚ್ಛವಾಯಿತೆಂದು ನಾವು ಹೆಮ್ಮೆಪಡುತ್ತಿದ್ದೆವು.

ಒಂದು ದಿನ ನಾಲ್ಕನೆಯ ತರಗತಿಯ ಬಾಲಕನೊಬ್ಬನ ತಾಯಿ ಬಂದು ಬಾಗಿಲಲ್ಲಿ ನಿಂತರು. ಬೀಡಿ ಕಟ್ಟುವ ಕೆಲಸ ಬಿಟ್ಟು ಬಂದಿದ್ದರು. “ಮಾಷ್ಟ್ರೇ, ಶುಕ್ರವಾರ ರಾತ್ರಿ ಬಂತೆಂದರೆ ಇವನಿಗೆ ಉಸಿರು ಕಟ್ಟುತ್ತದೆ. ಶಾಲೆಯಲ್ಲಿ ಏನನ್ನು ಹೊತ್ತಿಸುತ್ತೀರಿ?” ಎಂದು ಕೇಳಿದರು. ಆ ಬಾಲಕನೇ ಗುಂಡಿಯ ಬಳಿ ಕೋಲು ಹಿಡಿದು ನಿಲ್ಲುತ್ತಿದ್ದವನು. ಅವನ ಉಬ್ಬಸಕ್ಕೆ ಹೊಗೆಯೊಂದೇ ಕಾರಣವೆಂದು ನಿರ್ಣಯಿಸಲು ನಾವು ವೈದ್ಯರಲ್ಲ. ಆದರೆ ಆ ಹೊಗೆಯನ್ನು ಎಬ್ಬಿಸಿದವರು ನಾವು. ಅಂದಿಗೆ ಗುಂಡಿಯ ಬೆಂಕಿ ನಿಂತಿತು. ಸುಡದೆ ಕಸವನ್ನು ಮಾಡುವುದೇನು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದರ ಉತ್ತರವನ್ನು ಅರಸಹೊರಟಾಗ ನಮಗೆ ಎದುರಾದ ವಿದ್ಯೆಯೇ ಪೈರಾಲಿಸಿಸ್, ಅಂದರೆ ಉಷ್ಣವಿಘಟನೆ.

ಹೆಸರು ಹೊಸದಾಗಿ ಕಂಡರೂ ಕ್ರಿಯೆ ನಮಗೆ ಅಪರಿಚಿತವಲ್ಲ. ಗೆರಟೆಯನ್ನು ಬಚ್ಚಲ ಒಲೆಗೆ ಹಾಕಿದರೆ ಅದು ಧಗಧಗನೆ ಉರಿದು ಹಿಡಿ ಬೂದಿಯಾಗುತ್ತದೆ. ಅದೇ ಗೆರಟೆಯನ್ನು ಗುಂಡಿಯಲ್ಲಿಯೋ ಕಬ್ಬಿಣದ ಪೀಪಾಯಿಯಲ್ಲಿಯೋ ತುಂಬಿ, ಬೆಂಕಿ ಹಿಡಿಸಿ, ಬಳಿಕ ಗಾಳಿಯಾಡದಂತೆ ಮುಚ್ಚಿದರೆ ಇದ್ದಲಾಗುತ್ತದೆ. ನೂರು ಕಿಲೋ ಗೆರಟೆಗೆ ಸುಮಾರು ಮೂವತ್ತು ಕಿಲೋ ಇದ್ದಲು ದೊರೆಯುತ್ತದೆ. ಎರಡು ಕಡೆಯೂ ಕಾವು ಇದೆ, ಭೇದವಿರುವುದು ಗಾಳಿಯಲ್ಲಿ. ಉರಿಯಲು ಆಮ್ಲಜನಕ ಬೇಕು. ಅದು ದೊರೆಯದಾಗ ಕಾವಿಗೆ ಸಿಕ್ಕಿದ ವಸ್ತು ಉರಿಯಲಾರದೆ ಒಳಗೊಳಗೇ ಒಡೆಯುತ್ತದೆ. ಮರದಲ್ಲಿಯೂ ಗೆರಟೆಯಲ್ಲಿಯೂ ಇರುವ ಉದ್ದುದ್ದನೆಯ ಅಣುಸರಪಳಿಗಳು ಕಾವಿನಿಂದ ಕಂಪಿಸಿ ತುಂಡುತುಂಡಾಗುತ್ತವೆ. ನೂರು ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ನೀರಿನ ಅಂಶ ಹೊರಬೀಳುತ್ತದೆ. 200 ಡಿಗ್ರಿ ದಾಟಿದ ಮೇಲೆ ವಿಘಟನೆ ತೊಡಗುತ್ತದೆ. 300ರಿಂದ 500ರ ನಡುವೆ ಅದು ಭರದಿಂದ ನಡೆಯುತ್ತದೆ. ಕೊನೆಯಲ್ಲಿ ದೊರೆಯುವುದು ಮೂರು ಬಗೆ: ಘನರೂಪದ ಇದ್ದಲು, ತಣಿಸಿದಾಗ ದ್ರವವಾಗುವ ಆವಿ, ತಣಿಸಿದರೂ ದ್ರವವಾಗದ ಅನಿಲ.

ಇದನ್ನು ಮಕ್ಕಳಿಗೆ ಪ್ರಯೋಗದಿಂದ ತೋರಿಸಿದೆವು. ಪ್ರನಾಳದಲ್ಲಿ ಒಣಗಿದ ಮರದ ಹುಡಿ ತುಂಬಿ, ಬಿರಡೆಗೆ ಗಾಜಿನ ನಳಿಗೆ ಸಿಕ್ಕಿಸಿ, ಕೆಳಗಿನಿಂದ ದೀಪ ಹಿಡಿದೆವು. ಹುಡಿ ಕಪ್ಪಾಯಿತು; ತಣ್ಣಗಿದ್ದ ಭಾಗದಲ್ಲಿ ಕಂದುಬಣ್ಣದ ಹನಿಗಳು ಕೂಡಿದವು; ನೀಲಿ ಲಿಟ್ಮಸ್ ಕಾಗದ ಅದರಲ್ಲಿ ಕೆಂಪಾಯಿತು. ನಳಿಗೆಯ ತುದಿಗೆ ಕಡ್ಡಿ ಗೀರಿ ಹಿಡಿದಾಗ ಹೊರಬರುತ್ತಿದ್ದ ಹೊಗೆಯೇ ಜ್ವಾಲೆಯಾಯಿತು. ಬೆಂಕಿಯಿಲ್ಲದೆ ಹೊಗೆಯಾಡದೆಂಬ ಗಾದೆಯನ್ನು ಕಲಿತಿದ್ದ ಮಕ್ಕಳು, ಹೊಗೆಯಿಂದ ಬೆಂಕಿ ಹುಟ್ಟಿದುದನ್ನು ಕಂಡು ಬೆರಗಾದರು.

ಈ ವಿದ್ಯೆಯನ್ನು ನಮ್ಮ ನಾಡು ದೊಡ್ಡ ಪ್ರಮಾಣದಲ್ಲಿಯೇ ಬಳಸಿತ್ತು. 1923ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆ ತೊಡಗಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಹೆಸರಿನಲ್ಲಿಯೇ ಮೊದಲಿಗೆ ಮರದ ಭಟ್ಟಿಯೂ ಸೇರಿತ್ತು. ಕಬ್ಬಿಣದ ಅದಿರು ಕರಗಿಸಲು ಇದ್ದಲು ಬೇಕು. ಇದ್ದಲು ಮಾಡುವಾಗ ಹೊರಡುವ ಹೊಗೆಯನ್ನು ಆಕಾಶಕ್ಕೆ ಬಿಡದೆ, ತಣಿಸಿ, ಅದರಿಂದ ಮೆಥನಾಲ್, ಅಸಿಟೇಟ್ ಸುಣ್ಣ ಹಾಗೂ ಮರದ ಡಾಂಬರನ್ನು ಪಡೆಯುತ್ತಿದ್ದರು. ಆ ಕಾರ್ಖಾನೆಯ ಆಡಳಿತ ಮಂಡಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿದ್ದರು. ಬಿಸಾಡುವ ಹೊಗೆಯನ್ನೂ ಲೆಕ್ಕಕ್ಕೆ ಹಿಡಿದ ಈ ಕ್ರಮ ಅಂದಿಗೆ ಎಷ್ಟು ದೂರದೃಷ್ಟಿಯದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಗೆರಟೆಯ ಇದ್ದಲಿಗೂ ದೊಡ್ಡ ಬೆಲೆಯಿದೆ. ಸುಮಾರು 900 ಡಿಗ್ರಿ ಕಾವಿನಲ್ಲಿ ಅದರ ಮೇಲೆ ನೀರಾವಿ ಹಾಯಿಸಿದರೆ ಅದರೊಳಗೆ ಅಸಂಖ್ಯ ಸೂಕ್ಷ್ಮರಂಧ್ರಗಳು ತೆರೆದುಕೊಳ್ಳುತ್ತವೆ. ಇಂತಹ ಇದ್ದಲಿನ ಒಂದು ಗ್ರಾಮಿನೊಳಗಿನ ಮೇಲ್ಮೈ ಸಾವಿರ ಚದರ ಮೀಟರನ್ನು ಮೀರುವುದುಂಟು. ಮೊದಲ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲ ಮುಖವಾಡಗಳಲ್ಲಿ ಇದನ್ನು ಬಳಸಿದರು. ಇಂದು ಮನೆಯ ನೀರು ಶೋಧಕದಲ್ಲಿ ಇರುವುದೂ ಇದೇ ಬಗೆಯ ಇದ್ದಲು. ಸಾಮಾನ್ಯ ಇದ್ದಲಿನ ಹುಡಿಯನ್ನು ಗೊಬ್ಬರದೊಡನೆ ಬೆರೆಸಿ ಹುಳಿಗುಣದ ಮಣ್ಣಿಗೆ ಸೇರಿಸಿದರೆ ಹುಳಿ ತಗ್ಗಲು ಸಹಾಯಕವಾಗುತ್ತದೆ.

ಇನ್ನು ಟಯರು ಮತ್ತು ಪ್ಲಾಸ್ಟಿಕ್ಕಿನ ಸಂಗತಿ. ಹಳೆಯ ಟಯರುಗಳನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 400ರಿಂದ 500 ಡಿಗ್ರಿಗೆ ಕಾಯಿಸಿದರೆ, ನೂರು ಕಿಲೋಗೆ ಸುಮಾರು 40ರಿಂದ 45 ಕಿಲೋ ಎಣ್ಣೆ, 30ರಿಂದ 35 ಕಿಲೋ ಕಪ್ಪುಹುಡಿ, ಹತ್ತು ಹದಿನೈದು ಕಿಲೋ ಉಕ್ಕಿನ ತಂತಿ ದೊರೆಯುತ್ತವೆ. ಉಳಿದುದು ಅನಿಲ, ಅದನ್ನೇ ಮರಳಿ ಕುಲುಮೆಗೆ ಉರುವಲಾಗಿಸುತ್ತಾರೆ. ಹಾಲಿನ ತೊಟ್ಟೆಯಂತಹ ಪಾಲಿಥೀನ್ ಕೂಡ ಹೀಗೆಯೇ ಮೇಣ ಹಾಗೂ ಎಣ್ಣೆಯಾಗುತ್ತದೆ. ಆದರೆ ನೀರಿನ ಪೈಪಿನ ಪಿ.ವಿ.ಸಿ. ಅದರೊಡನೆ ಬೆರೆತರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲಾನಿಲ ಹುಟ್ಟಿ ಯಂತ್ರವನ್ನೇ ತಿನ್ನುತ್ತದೆ. ಆದುದರಿಂದ ವಿಂಗಡಣೆಯೇ ಈ ವಿದ್ಯೆಯ ಮೊದಲ ಪಾಠ.

ಕಸದಿಂದ ರಸ ಬರುವುದೇನೋ ನಿಜ. ಆದರೆ ಆ ರಸ ಅಮೃತವಲ್ಲ. ಟಯರಿನ ಎಣ್ಣೆಯಲ್ಲಿ ಗಂಧಕವೂ ಬೆಂಜೀನಿನಂತಹ ವಿಷಪದಾರ್ಥಗಳೂ ಇರುತ್ತವೆ. ಹೊರಡುವ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಿಕ. ಬಿಸಿ ಪಾತ್ರೆಗೆ ಗಾಳಿ ನುಗ್ಗಿದರೆ ಸ್ಫೋಟವಾಗಬಹುದು. ಸರಿಯಾದ ಶುದ್ಧೀಕರಣವಿಲ್ಲದ ಕಾರ್ಖಾನೆಯ ಮಸಿ ಸುತ್ತಲ ಹಳ್ಳಿಯ ಮೇಲೆಯೇ ಬೀಳುತ್ತದೆ. ಎಂದೇ ಮನೆಯ ಪೀಪಾಯಿಯಲ್ಲಿ ಪ್ಲಾಸ್ಟಿಕ್ ಬೇಯಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಬಳಕೆಯನ್ನು ತಗ್ಗಿಸಿ, ಮರುಬಳಸಿ, ಕರಗಿಸಿ ಹೊಸ ವಸ್ತು ಮಾಡಿ, ಅದೂ ಆಗದೆ ಉಳಿದುದಕ್ಕೆ ಮಾತ್ರ ಈ ದಾರಿ.

ಮುಂದೆ ಆ ತಾಯಿ ಶಾಲೆಗೆ ಬಂದಾಗ, “ಹಾಗಾದರೆ ಈಗ ಕಸವನ್ನು ಏನು ಮಾಡುತ್ತೀರಿ, ಮಾಷ್ಟ್ರೇ?” ಎಂದರು. ನಾವು ಮೂರು ಬುಟ್ಟಿಗಳನ್ನು ತೋರಿಸಿದೆವು. ತರಗೆಲೆ ಗೊಬ್ಬರದ ಗುಂಡಿಗೆ. ಬಿಸಿಯೂಟದ ಅಡುಗೆಮನೆಯ ಗೆರಟೆ ಇದ್ದಲಿನವರಿಗೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಹರಿತ ಕರ್ಮಸೇನೆಯ ಅಕ್ಕಂದಿರಿಗೆ. ತೊಟ್ಟೆ ತೊಳೆಯುವ ಮೇಲ್ವಿಚಾರಣೆ ಈಗ ಅವರ ಮಗನದೇ. ಸುಡುವ ಗುಂಡಿಯನ್ನು ಮಣ್ಣು ತುಂಬಿಸಿ ಮುಚ್ಚಿಸಿದ್ದೇವೆ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಹಿತ್ತಿಲಲ್ಲಿಯೂ ಅಂತಹದೊಂದು ಗುಂಡಿ ಇದ್ದರೆ, ಮುಂದಿನ ಸಲ ಕಡ್ಡಿ ಗೀರುವ ಮೊದಲು ಅದರೊಳಗೆ ಏನೇನಿದೆಯೆಂದು ಒಮ್ಮೆ ಬಗ್ಗಿ ನೋಡಿರಿ.