ಲಾಟರಿ ಹಣಕ್ಕೆ ಎರಡನೇ ಕತ್ತರಿ

ಕಾಸರಗೋಡು: ತಲಪಾಡಿಯಲ್ಲಿ ಗಡಿ ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ಲಾಟರಿ ಟಿಕೆಟಿನ ಅಂಗಡಿಗಳು. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ಮೇಲೆ ಗಡಿಯ ಈಚೆಗಿನ ಅಂಗಡಿಗಳಿಗೆ ಆಚೆಯ ಗಿರಾಕಿಗಳೂ ಸೇರಿಕೊಂಡರು. ಮಂಗಳೂರು, ವಿಟ್ಲ ಕಡೆಯವರು ಮಂಜೇಶ್ವರಕ್ಕೋ ಪೆರ್ಲಕ್ಕೋ ಬಂದರೆ ಗುಂಡ್ಲುಪೇಟೆ, ಗೂಡಲೂರಿನವರಿಗೆ ಸುಲ್ತಾನ್ ಬತ್ತೇರಿ ಹತ್ತಿರ. 2023ರ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ತಮಿಳುನಾಡಿನವರ ಪಾಲಾಯಿತು. 2024ರಲ್ಲಿ ಅಷ್ಟೇ ಮೊತ್ತ ವಯನಾಡಿನಲ್ಲಿ ಮಾರಾಟವಾದ ಟಿಕೆಟಿಗೆ ಬಂದು, ಕರ್ನಾಟಕದವರೊಬ್ಬರಿಗೆ ಹೋಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಚಾ ಹೊಟೇಲುಗಳಲ್ಲಿ ಏಳುವ ಪ್ರಶ್ನೆ, ಕೈಗೆ ಬರುವುದು ಎಷ್ಟು ಎಂಬುದು. "ಮೂವತ್ತು ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ, ಉಳಿದದ್ದು ಪೂರ್ತಿ ನಮ್ಮದೇ" ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ತಿಳಿಯುವ ಹೊತ್ತಿಗೆ ಮನೆ ಕಟ್ಟಲು ಪಂಚಾಂಗ ಹಾಕಿ ಆಗಿರುತ್ತದೆ, ಜಾಗಕ್ಕೆ ಮುಂಗಡ ಕೊಟ್ಟಾಗಿರುತ್ತದೆ.

2022ರ ತಿರುವೋಣಂ ಬಂಪರ್ ಲೆಕ್ಕವನ್ನೇ ನೋಡಬಹುದು. ಬಹುಮಾನ 25 ಕೋಟಿ. ಅದರಲ್ಲಿ ಶೇ. 10, ಅಂದರೆ ಎರಡೂವರೆ ಕೋಟಿ, ಟಿಕೆಟ್ ಮಾರಿದ ಏಜೆಂಟನ ಕಮಿಷನ್. ಉಳಿದ ಇಪ್ಪತ್ತೆರಡೂವರೆ ಕೋಟಿಯ ಮೇಲೆ ಶೇ. 30ರಂತೆ 6.75 ಕೋಟಿ ಆದಾಯ ತೆರಿಗೆಯನ್ನು ಲಾಟರಿ ಇಲಾಖೆಯೇ ಮುರಿದುಕೊಳ್ಳುತ್ತದೆ. ಬ್ಯಾಂಕಿಗೆ ಬೀಳುವುದು 15.75 ಕೋಟಿ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಈ ಅಂಕಿಯೇ. ಆದರೆ ಬಹುಮಾನ ಕೊಡುವವರು ಮುರಿಯುವುದು ಬರೀ ಮೂಲ ತೆರಿಗೆಯನ್ನು. ಆ ತೆರಿಗೆಯ ಮೇಲೊಂದು ಸರ್‌ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ. ಇವನ್ನು ಗೆದ್ದವರೇ ಕೈಯಿಂದ ಕಟ್ಟಬೇಕು. ಐದು ಕೋಟಿ ಮೀರಿದ ಆದಾಯಕ್ಕೆ ಆಗ ಸರ್‌ಚಾರ್ಜ್ ಶೇ. 37 ಇತ್ತು. ಸೆಸ್ ಸೇರಿಸಿದರೆ ಎರಡನೇ ಕತ್ತರಿಗೆ ಸಿಕ್ಕಿದ್ದು 2 ಕೋಟಿ 86 ಲಕ್ಷ ರೂಪಾಯಿಗೂ ಮಿಕ್ಕಿ. ಕೊನೆಗೆ ಉಳಿಯುವುದು ಸುಮಾರು 12.88 ಕೋಟಿ, ಟಿಕೆಟಿನಲ್ಲಿ ಅಚ್ಚಾದ ಮೊತ್ತದ ಅರ್ಧಕ್ಕಿಂತ ತುಸು ಹೆಚ್ಚು. 2023ರ ಏಪ್ರಿಲ್‌ನಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸರ್‌ಚಾರ್ಜ್ ಶೇ. 25ಕ್ಕೆ ಇಳಿಯಿತು. ಆ ಲೆಕ್ಕದಲ್ಲಿ 13.72 ಕೋಟಿಯಷ್ಟು ಉಳಿಯುತ್ತದೆ.

ಬಂಪರ್ ಎಲ್ಲರಿಗೂ ಹೊಡೆಯುವುದಿಲ್ಲ. ವಾರದ ಟಿಕೆಟುಗಳ ಬೆಲೆಯನ್ನು 2025ರಲ್ಲಿ 50 ರೂಪಾಯಿಗೆ, ಮೊದಲ ಬಹುಮಾನವನ್ನು ಒಂದು ಕೋಟಿಗೆ ಏರಿಸಲಾಯಿತು. ಕಮಿಷನ್ ಕಳೆದು 90 ಲಕ್ಷ ಉಳಿಯಿತು ಎಂದಿಟ್ಟುಕೊಳ್ಳಿ. 27 ಲಕ್ಷ ಮೊದಲೇ ಮುರಿದು 63 ಲಕ್ಷ ಖಾತೆಗೆ ಬರುತ್ತದೆ. ಐವತ್ತು ಲಕ್ಷ ಮೀರಿದ ಆದಾಯಕ್ಕೆ ಸರ್‌ಚಾರ್ಜ್ ಶೇ. 10. ಸೆಸ್ ಕೂಡಿಸಿ ಇನ್ನೂ 3 ಲಕ್ಷ 88 ಸಾವಿರದ 800 ರೂಪಾಯಿ ಕಟ್ಟಲಿಕ್ಕೆ ಬಾಕಿ. ಒಂದು ಲಕ್ಷದ ಬಹುಮಾನಕ್ಕೆ ಸರ್‌ಚಾರ್ಜ್ ಇಲ್ಲ, ಸೆಸ್ ಮಾತ್ರ 1,200 ರೂಪಾಯಿ.

ಈ ಬಾಕಿಯನ್ನು ಹಣ ಬಂದ ವರ್ಷದ ಮಾರ್ಚ್ 31ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಿದರೆ ಒಳ್ಳೆಯದು. ತಪ್ಪಿದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಓಡತೊಡಗುತ್ತದೆ. ಇಲಾಖೆಯ ನೋಟಿಸನ್ನು ಹೆಚ್ಚಾಗಿ ಅಂಚೆಯವನು ತಂದುಕೊಡುವುದಿಲ್ಲ. ಅದು ಇಮೇಲಿಗೆ, ಪೋರ್ಟಲಿಗೆ ಬಂದು ಕುಳಿತಿರುತ್ತದೆ. ಅಕ್ಷಯ ಕೇಂದ್ರದಲ್ಲಿ ಯಾರೋ ಮಾಡಿಕೊಟ್ಟ ಇಮೇಲನ್ನು ತೆರೆದು ನೋಡುವವರು ಎಷ್ಟು ಮಂದಿ? ಅಡಿಕೆ ಕೃಷಿಕರಿಗೆ ಕೃಷಿ ಆದಾಯದ ಮೇಲೆ ತೆರಿಗೆ ಇಲ್ಲ, ಬೀಡಿ ಕಟ್ಟುವವರ ಆದಾಯ ಆ ಮಟ್ಟಕ್ಕೆ ಏರುವುದೇ ಇಲ್ಲ. ಜೀವಮಾನದಲ್ಲಿ ಒಮ್ಮೆಯೂ ರಿಟರ್ನ್ಸ್ ತುಂಬದ ಮನೆಗೆ ಲಾಟರಿಯೇ ಆದಾಯ ತೆರಿಗೆಯ ಮೊದಲ ಪರಿಚಯ. ಅದೂ ನೌಕರಿಯವರು ತುಂಬುವ ಸಹಜ್ ಫಾರಮಿನಲ್ಲಿ ಆಗುವುದಿಲ್ಲ, ಬೇರೆ ಫಾರಮೇ ಬೇಕು.

ಇನ್ನೊಂದು ತಪ್ಪು ತಿಳಿವಳಿಕೆ 2025ರ ಬಜೆಟ್ ನಂತರ ಹಬ್ಬಿದೆ. ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ಐದು ಲಕ್ಷದ ಬಹುಮಾನಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. ಆ ರಿಯಾಯಿತಿ ಸಾಮಾನ್ಯ ಆದಾಯಕ್ಕೆ ಮಾತ್ರ. ಲಾಟರಿ, ಕುದುರೆ ಪಂದ್ಯ, ಇಸ್ಪೀಟು, ಟಿವಿ ಆಟ, ಬಾಜಿ ಇವೆಲ್ಲಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30. ಹತ್ತು ಸಾವಿರದೊಳಗಿನ ಬಹುಮಾನದಲ್ಲಿ ತೆರಿಗೆ ಮುರಿಯುವುದಿಲ್ಲ ಎಂಬುದು ನಿಜ. ಹಾಗೆಂದು ತೆರಿಗೆಯೇ ಇಲ್ಲ ಎಂದಲ್ಲ. ವಿಮೆ ಕಂತು, ಪಿಎಫ್ ತೋರಿಸಿ ತಗ್ಗಿಸಲೂ ಬಾರದು. ಇಪ್ಪತ್ತು ವರ್ಷ ಪ್ರತಿದಿನ ಟಿಕೆಟ್ ಕೊಂಡು ಕಳೆದುಕೊಂಡ ಹಣದ ಒಂದು ಪೈಸೆಯೂ ಖರ್ಚೆಂದು ಲೆಕ್ಕಕ್ಕೆ ಬರುವುದಿಲ್ಲ. ಸೋತದ್ದು ಸ್ವಂತದ್ದು, ಗೆದ್ದದ್ದರಲ್ಲಿ ಸರಕಾರಕ್ಕೆ ಪಾಲು! ಕೋಳಿ ಅಂಕದ ಬಾಜಿಯ ಹಣಕ್ಕೂ ಕಾನೂನಿನ ದೃಷ್ಟಿಯಲ್ಲಿ ತೆರಿಗೆ ಉಂಟು. ಆದಾಯ ನ್ಯಾಯವಾದದ್ದೇ ಎಂದು ತೆರಿಗೆ ಇಲಾಖೆ ಕೇಳುವುದಿಲ್ಲ. ಅದೃಷ್ಟದ ಚೀಟಿಯಲ್ಲಿ ಕಾರು ಬಂದರೆ ಮೊದಲು ತೆರಿಗೆ ಕಟ್ಟಿದ ಮೇಲೆಯೇ ಕೀಲಿ ಕೈ ಕೊಡಬೇಕೆಂಬುದು ನಿಯಮ.

ಹಾಗೆ ನೋಡಿದರೆ ಗೆಲ್ಲುವ ಮೊದಲೇ ತೆರಿಗೆ ಆರಂಭವಾಗಿದೆ. ಲಾಟರಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 40ಕ್ಕೆ ಏರಿತು. ಐವತ್ತು ರೂಪಾಯಿಯ ಟಿಕೆಟಿನಲ್ಲಿ ಹದಿನಾಲ್ಕು ರೂಪಾಯಿಗೂ ಹೆಚ್ಚು ಅದಕ್ಕೇ ಹೋಗುತ್ತದೆ. ಅದನ್ನು ಕೇಂದ್ರ, ರಾಜ್ಯಗಳು ಅರ್ಧರ್ಧ ಹಂಚಿಕೊಳ್ಳುತ್ತವೆ. ಆದಾಯ ತೆರಿಗೆಯಲ್ಲೂ ರಾಜ್ಯಗಳಿಗೆ ಪಾಲಿದೆ. ಸರ್‌ಚಾರ್ಜ್ ಮತ್ತು ಸೆಸ್ ಮಾತ್ರ ಹಂಚಿಕೆಗೆ ಸೇರದೆ ಪೂರ್ತಿ ಕೇಂದ್ರದ ಬೊಕ್ಕಸಕ್ಕೆ. 1967ರಲ್ಲಿ ಸರಕಾರಿ ಲಾಟರಿ ಆರಂಭಿಸಿ ಒಂದು ರೂಪಾಯಿಗೆ ಟಿಕೆಟ್ ಮಾರಿದ ಕೇರಳಕ್ಕೆ ತನ್ನ ಟಿಕೆಟಿನಿಂದ ಹುಟ್ಟಿದ ಈ ಎರಡನೇ ಕತ್ತರಿಯ ಹಣದಲ್ಲಿ ಪಾಲಿಲ್ಲ. ಶೇ. 30ರ ಜೊತೆಗೇ ಇದನ್ನೂ ಮುರಿದರೆ ಗೆದ್ದವರಿಗೆ ನೋಟಿಸಿನ ಗಾಬರಿ ತಪ್ಪುತ್ತಿತ್ತು. ಅದಕ್ಕೆ ಬೇಕಾದದ್ದು ಸಣ್ಣದೊಂದು ತಿದ್ದುಪಡಿ.

ಗಡಿ ಊರುಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಪಾಲಿನ ಟಿಕೆಟಿನದ್ದು. ಬಂಪರ್ ಟಿಕೆಟಿಗೆ 500 ರೂಪಾಯಿ ಆದ ಮೇಲೆ ನಾಲ್ಕೈದು ಜನ ಸೇರಿ ಒಂದು ಕೊಳ್ಳುವುದು ರೂಢಿಯಾಗಿದೆ. ಎಲ್ಲವೂ ಬಾಯಿ ಮಾತು. ಹೊಡೆದರೆ ಒಬ್ಬನ ಹೆಸರಿನಲ್ಲಿ ಟಿಕೆಟ್ ಕೊಟ್ಟು, ಅವನ ಪಾನ್ ನಂಬರಿಗೆ ತೆರಿಗೆ ಮುರಿದು, ಬಂದ ಹಣವನ್ನು ಹಂಚಿಕೊಳ್ಳುತ್ತಾರೆ. ಇಲಾಖೆಯ ಕಣ್ಣಿಗೆ ಗೆದ್ದವನು ಅವನೊಬ್ಬನೇ. ಸರ್‌ಚಾರ್ಜ್ ಪೂರ್ತಿ ಅವನ ತಲೆಗೆ, ಅದೂ ಒಟ್ಟು ಮೊತ್ತದ ಮೇಲಿನ ದರದಲ್ಲಿ. ಪಾಲು ಪಡೆದ ನೆರೆಮನೆಯವರ ಖಾತೆಗೆ ಹೋದ ಹಣ ದಾಖಲೆ ಇಲ್ಲದಿದ್ದರೆ ಉಡುಗೊರೆಯಂತೆ ಕಾಣುತ್ತದೆ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ 50 ಸಾವಿರ ಮೀರಿ ಬಂದರೆ ಅದಕ್ಕೂ ತೆರಿಗೆ ಇದೆ. ಒಂದೇ ಹಣಕ್ಕೆ ಎರಡು ಬಾರಿ ಲೆಕ್ಕ ಕೊಡುವ ಪಾಡು. ನೋಟಿಸು ಬಂದ ದಿನ ಪಾಲುದಾರರು ಕೊಟ್ಟದ್ದನ್ನು ಹಿಂದೆ ತರುವರೇ?

ಡ್ರಾ ಆದ 30 ದಿನಗಳೊಳಗೆ ಟಿಕೆಟ್ ಒಪ್ಪಿಸಬೇಕು. ಹೊರರಾಜ್ಯದವರು ಅದನ್ನು ಕೇರಳದಲ್ಲೇ ಕೊಂಡದ್ದೆಂದು ವಿವರಿಸಬೇಕಾಗುತ್ತದೆ. ಟಿಕೆಟ್ ನಾಲ್ವರದ್ದಾದರೆ ನಾಲ್ವರ ಹೆಸರೂ ಪಾಲೂ ಬರೆದು ಸಹಿ ಹಾಕಿದ ಕಾಗದ ಆಗಲೇ ಅರ್ಜಿಯ ಜೊತೆ ಹೋಗಬೇಕು. ಡ್ರಾ ಮೊದಲೇ ಬರೆದಿಟ್ಟುಕೊಂಡರೆ ಇನ್ನೂ ಲೇಸು, ಬಹುಮಾನ ಬಂದ ಮೇಲೆ ಪಾಲಿನ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ರೀತಿ ನೆನಪಾಗುತ್ತದೆ.