ಶುಭದ ಬೆಲೆ ತೆರುವವರು ಯಾರು?

ಚೀನಿಯರ ಹೊಸ ವರ್ಷದ ಭೋಜನದಲ್ಲಿ ರುಚಿಯಷ್ಟೇ ಮಹತ್ವ ಶಬ್ದಕ್ಕೂ ಇದೆ. ಮೀನಿಗೆ ಅವರ ಭಾಷೆಯಲ್ಲಿ ‘ಯೂ’ ಎಂದು ಹೆಸರು. ‘ಮಿಗತೆ’ ಎಂಬ ಅರ್ಥದ ಪದದ ಉಚ್ಚಾರವೂ ಅದೇ. ಆದ್ದರಿಂದಲೇ ಹಬ್ಬದ ಹಿಂದಿನ ರಾತ್ರಿ ಇಡೀ ಮೀನನ್ನು ಬಡಿಸಿ, ಅದರಲ್ಲಿ ಸ್ವಲ್ಪವನ್ನು ಬೇಕೆಂದೇ ಉಳಿಸುವ ವಾಡಿಕೆ ಹಲವೆಡೆ ಇದೆ. ಅಂಟಕ್ಕಿಯ ಹಿಟ್ಟಿನಿಂದ ಮಾಡುವ ‘ನಿಯೆನ್ ಗಾವ್’ ಎಂಬ ತಿನಿಸಿನ ಹೆಸರಿನಲ್ಲಿ ವರ್ಷದಿಂದ ವರ್ಷಕ್ಕೆ ಏಳಿಗೆಯಾಗಲೆಂಬ ಹಾರೈಕೆ ಧ್ವನಿಸುತ್ತದೆ. ಉತ್ತರದ ಪ್ರಾಂತ್ಯಗಳ ‘ಜಿಯಾವ್‌ಜಿ’ ಕಡುಬು ಹಿಂದಿನ ಕಾಲದ ಬೆಳ್ಳಿಯ ಗಟ್ಟಿಯನ್ನು ಹೋಲುತ್ತದೆ.

ಇದನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕ್ಷಾಮವನ್ನು ಮತ್ತೆ ಮತ್ತೆ ಕಂಡ ಕೃಷಿ ಸಮಾಜವೊಂದು ‘ಮಿಗಲಿ’ ಎಂದು ಹಾರೈಸಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಹಾರೈಕೆಯ ವೆಚ್ಚ ಯಾರ ಲೆಕ್ಕಕ್ಕೆ ಬೀಳುತ್ತದೆ?

‘ಫಾತ್ ಚೋಯ್’ ಇದಕ್ಕೆ ಕಣ್ಣು ತೆರೆಸುವ ನಿದರ್ಶನ. ಕಪ್ಪು ಕೂದಲಿನ ಎಳೆಯಂತೆ ಕಾಣುವ ಇದು ಪಾಚಿಯನ್ನು ಹೋಲುವ ಒಂದು ಸೂಕ್ಷ್ಮಜೀವಿಯ ಸಮೂಹ. ತನ್ನದೇ ಆದ ರುಚಿ ಇದಕ್ಕೆ ಇಲ್ಲವೆಂದೇ ಹೇಳಬೇಕು. ಆದರೆ ಕ್ಯಾಂಟನೀಸ್ ಭಾಷೆಯಲ್ಲಿ ಇದರ ಹೆಸರು ‘ಸಂಪತ್ತು ಗಳಿಸು’ ಎಂಬ ಮಾತಿನಂತೆಯೇ ಕೇಳಿಸುತ್ತದೆ. ಅಷ್ಟೇ ಕಾರಣಕ್ಕೆ ಹಾಂಗ್‌ಕಾಂಗ್, ಗುವಾಂಗ್‌ಡಾಂಗ್‌ಗಳ ಹಬ್ಬದಡುಗೆಯಲ್ಲಿ ಅದು ಒಣಗಿಸಿದ ಸಿಂಪಿಯೊಡನೆ ಸ್ಥಾನ ಪಡೆಯಿತು.

ಇದು ಬೆಳೆಯುವುದು ಮಾತ್ರ ಆ ಶ್ರೀಮಂತ ಕರಾವಳಿಯಿಂದ ಬಹುದೂರದಲ್ಲಿ, ಒಳ ಮಂಗೋಲಿಯಾ, ನಿಂಗ್‌ಶಿಯಾ, ಗಾನ್ಸುಗಳ ಒಣ ಹುಲ್ಲುಗಾವಲುಗಳಲ್ಲಿ. ಬೇರೆ ಆದಾಯವಿಲ್ಲದ ಬಡ ರೈತರು ಕಬ್ಬಿಣದ ಕುಂಟೆಗಳಿಂದ ನೆಲವನ್ನು ಬಾಚಿ ಇದನ್ನು ಸಂಗ್ರಹಿಸುತ್ತಿದ್ದರು. ಅದರೊಂದಿಗೆ ಹುಲ್ಲು ಬೇರುಸಹಿತ ಕಿತ್ತುಬಂದು, ಮೇಲ್ಮಣ್ಣು ಗಾಳಿಗೆ ಒಡ್ಡಿಕೊಂಡು, ಮರುಭೂಮಿ ವಿಸ್ತರಿಸಿತು. ತಿಂದವರು ತೆತ್ತದ್ದು ಕಿತ್ತ ಕೂಲಿ ಮತ್ತು ವ್ಯಾಪಾರಿಯ ಲಾಭವನ್ನು ಮಾತ್ರ. ನಾಶವಾದ ನೆಲದ ಬೆಲೆ ಯಾವ ರಸೀದಿಯಲ್ಲೂ ಕಾಣಿಸಲಿಲ್ಲ. ಅರ್ಥಶಾಸ್ತ್ರ ಇದನ್ನೇ ಬಾಹ್ಯ ವೆಚ್ಚ ಎನ್ನುತ್ತದೆ.

ಚೀನಾದ ಸರ್ಕಾರ 2000ದಲ್ಲಿ ಫಾತ್ ಚೋಯ್ ಸಂಗ್ರಹ ಮತ್ತು ಮಾರಾಟಗಳೆರಡನ್ನೂ ನಿಷೇಧಿಸಿತು. ಆದರೂ ಕಳ್ಳ ವ್ಯಾಪಾರ ಒಮ್ಮೆಲೇ ನಿಲ್ಲಲಿಲ್ಲ. ಬೇಡಿಕೆ ಜೀವಂತವಿರುವಾಗ ಆಜ್ಞೆಯೊಂದರಿಂದಲೇ ಪೂರೈಕೆ ಬತ್ತುವುದಿಲ್ಲವೆಂಬುದು ಆಡಳಿತ ನಡೆಸಿದವರೆಲ್ಲರೂ ಬಲ್ಲ ಸಂಗತಿ.

ಬೇಡಿಕೆಯ ಕಡೆಯಿಂದಲೂ ಹಿಡಿತ ಸಾಧಿಸಬಹುದೆಂಬುದಕ್ಕೆ ಅಲ್ಲಿಯದೇ ಇನ್ನೊಂದು ಉದಾಹರಣೆ ಇದೆ. ಶರತ್ಕಾಲದ ಹುಣ್ಣಿಮೆಗೆ ಹಂಚುವ ದುಂಡಗಿನ ‘ಚಂದ್ರ ಕೇಕು’ ಕುಟುಂಬದ ಪುನರ್ಮಿಲನದ ಸಂಕೇತ. ಕ್ರಮೇಣ ಅದು ಅಧಿಕಾರಿಗಳನ್ನು ಓಲೈಸುವ ದುಬಾರಿ ಪೆಟ್ಟಿಗೆಯಾಯಿತು. ಸಾರ್ವಜನಿಕ ಹಣದಲ್ಲಿ ಇಂಥ ಉಡುಗೊರೆ ಕೊಡಬಾರದೆಂದು 2013ರಲ್ಲಿ ಕಟ್ಟಪ್ಪಣೆಯಾಯಿತು. 2022ರಲ್ಲಿ ಹೊದಿಕೆ ಮೂರು ಪದರಗಳನ್ನು ಮೀರಬಾರದೆಂಬ ನಿಯಮ ಬಂದಿತು. ಕೇಕನ್ನು ಯಾರೂ ನಿಷೇಧಿಸಲಿಲ್ಲ. ಅದಕ್ಕೆ ಅಂಟಿಕೊಂಡಿದ್ದ ಆಡಂಬರಕ್ಕೆ ಮಾತ್ರ ಕತ್ತರಿ ಬಿತ್ತು.

ಸಂಪ್ರದಾಯದೊಳಗೇ ಇನ್ನೂ ಸರಳವಾದ ದಾರಿಯೊಂದಿದೆ. ಮೀನು ದುರ್ಲಭವಾಗಿದ್ದ ಒಳನಾಡಿನ ಬಡ ಊರುಗಳಲ್ಲಿ ಮರದಲ್ಲಿ ಕೆತ್ತಿದ ಮೀನನ್ನು ತಟ್ಟೆಯಲ್ಲಿಟ್ಟು ಹಬ್ಬ ಆಚರಿಸುತ್ತಿದ್ದರು. ಹಾರೈಕೆ ಇರುವುದು ಹೆಸರಿನಲ್ಲಿಯಾದ್ದರಿಂದ ಮರದ ಮೀನಿನಿಂದ ಶುಭಕ್ಕೇನೂ ಕೊರತೆಯಾಗಲಿಲ್ಲ. ಬಡವರು ಅನಿವಾರ್ಯವಾಗಿ ಕಂಡುಕೊಂಡ ಈ ಉಪಾಯವನ್ನು ಉಳ್ಳವರು ವಿವೇಕದಿಂದ ಅನುಸರಿಸಿದರೆ ಸಂಪ್ರದಾಯಕ್ಕೂ ಚ್ಯುತಿಯಿಲ್ಲ, ದೂರದ ಹುಲ್ಲುಗಾವಲಿಗೂ ಹಾನಿಯಿಲ್ಲ.