ರಜೆಯೆಂಬ ಅಪ್ಪಣೆ

ಮತದಾನದ ದಿನದಷ್ಟು ವಿಚಿತ್ರವಾದ ರಜೆ ಇನ್ನೊಂದಿಲ್ಲ. ಹಬ್ಬದ ರಜೆಯಲ್ಲಿ ಹೋಳಿಗೆಯುಂಟು, ಜಯಂತಿಯ ರಜೆಯಲ್ಲಿ ಭಾಷಣವುಂಟು; ಈ ರಜೆಯಲ್ಲಿ ಮಾತ್ರ ಒಂದು ಕೆಲಸವುಂಟು. ಕೆಲಸ ಮಾಡಲೆಂದೇ ಕೊಟ್ಟ ರಜೆ ಇದು. ನಮ್ಮಲ್ಲಿ ಅನೇಕ ಮಹನೀಯರು ರಜೆಯನ್ನು ಇಟ್ಟುಕೊಂಡು ಕೆಲಸವನ್ನು ಹಿಂದಿರುಗಿಸಿಬಿಡುತ್ತಾರೆ.

ಈ ಮಹನೀಯರಿಗೆ ಹೆದರಿ ಚುನಾವಣಾ ಆಯೋಗವೂ ವಾರ ನೋಡುವಂತಾಗಿದೆ. 2023ರ ವಿಧಾನಸಭಾ ಚುನಾವಣೆಗೆ ಅದು ಆರಿಸಿದ್ದು ಮೇ 10, ಬುಧವಾರ. ನಡುವಾರದಲ್ಲಿ ಮತದಾನವಿದ್ದರೆ ರಜೆಗೆ ರಜೆ ಜೋಡಿಸಿ ಊರು ಬಿಡುವುದು ಕಷ್ಟವೆಂಬುದು ಲೆಕ್ಕ. ಮರುವರ್ಷ ಲೋಕಸಭೆಗೆ ಬೆಂಗಳೂರಿನವರು ಮತ ನೀಡಬೇಕಾದದ್ದು ಏಪ್ರಿಲ್ 26, ಶುಕ್ರವಾರ. ಮರುದಿನ ನಾಲ್ಕನೆಯ ಶನಿವಾರ, ಅದರಾಚೆ ಭಾನುವಾರ! ಮದುವೆಗೆ ಜೋಯಿಸರು, ಮತಕ್ಕೆ ಆಯೋಗ. ಮುಹೂರ್ತದ ಚಿಂತೆ ಇಬ್ಬರಿಗೂ ತಪ್ಪಿದ್ದಲ್ಲ.

*

'ರಜೆ' ಎಂಬುದು ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ದಾರಿಯಾಗಿ ನಮ್ಮಲ್ಲಿಗೆ ಬಂದ ಮಾತು. ಮೂಲದಲ್ಲಿ ಅದರ ಅರ್ಥ ಸಮ್ಮತಿ, ಅಪ್ಪಣೆ. ಧಣಿ ಒಪ್ಪಿದರೆ ರಜೆ, ಇಲ್ಲದಿದ್ದರೆ ಇಲ್ಲ. ಧಾರವಾಡದ ಕಡೆಯ 'ಸೂಟಿ'ಯಲ್ಲಿ ಬಿಡುಗಡೆಯ ಉಸಿರಿದೆ. ನಮ್ಮ 'ಬಿಡುವು' ಯಾರನ್ನೂ ಕೇಳದೆ ತಾನಾಗಿ ಒದಗುವಂಥದು.

ಚುನಾವಣೆಯ ಶಬ್ದಗಳೂ ಇಂಥವೇ. ಹಿಂದಿನವರು 'ಉಮೇದುವಾರ' ಎನ್ನುತ್ತಿದ್ದರು. ಆಸೆ ಹೊತ್ತವನು ಎಂದರ್ಥ. ಈಗ 'ಅಭ್ಯರ್ಥಿ', ಬೇಡಿಕೊಳ್ಳುವವನು. ಪತ್ರಿಕೆಗಳಿಗೆ ಪ್ರಿಯವಾದದ್ದು 'ಹುರಿಯಾಳು', ಕಣಕ್ಕಿಳಿದ ಜಟ್ಟಿ. ಆಸೆಪಟ್ಟು, ಬೇಡಿ, ಸೆಣಸಿ ಗೆದ್ದಮೇಲೆ ಇವರು ಏನಾಗುತ್ತಾರೆಂಬುದಕ್ಕೆ ಇನ್ನೊಂದು ಶಬ್ದವುಂಟು: ಪಕ್ಷಾಂತರಿ.

'ಪಕ್ಷ'ವೆಂದರೆ ರೆಕ್ಕೆಯೂ ಹೌದು, ಹದಿನೈದು ದಿನಗಳ ಅವಧಿಯೂ ಹೌದು. ಕೆಲವರ ನಿಷ್ಠೆಗೆ ಎರಡು ಅರ್ಥಗಳೂ ಒಪ್ಪುತ್ತವೆ. ಇದನ್ನು ತಡೆಯಲೆಂದೇ 1985ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಆದರೂ 2019ರ ಜುಲೈಯಲ್ಲಿ ನಮ್ಮ ವಿಧಾನಸಭೆಯ 17 ಸದಸ್ಯರು ಅನರ್ಹರೆನಿಸಿದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಇನ್ನೊಂದು ಪಕ್ಷದಿಂದ ಗೆದ್ದು ಅದೇ ಸದನಕ್ಕೆ ಮರಳಿದರು. ರೆಕ್ಕೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆಯೆಂಬುದು ಪಕ್ಷಿಶಾಸ್ತ್ರಕ್ಕೆ ಹೊಸ ಸಂಗತಿ.

*

ನಗೆ ಹಾಗಿರಲಿ. ನಮಗೆ ರಜೆಯಾದ ಆ ದಿನ ದುಡಿಯುವವರು ಯಾರು? ಶಾಲಾ ಶಿಕ್ಷಕರು ಹಿಂದಿನ ದಿನವೇ ಮತಯಂತ್ರ ಹೊತ್ತು ತಮ್ಮದಲ್ಲದ ಊರು ಸೇರುತ್ತಾರೆ. ಶಾಲೆಯ ಕೋಣೆಯಲ್ಲೇ ರಾತ್ರಿ ಕಳೆದು, ಬೆಳಕು ಹರಿಯುವ ಮುನ್ನ ಅಣಿಯಾಗುತ್ತಾರೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಮಸಿಯನ್ನು ನಮ್ಮ ಬೆರಳಿಗೆ ಹಚ್ಚುವವರು ಅವರೇ.

ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ಸೇರಿದ 135ಬಿ ಕಲಮು, ವ್ಯಾಪಾರ, ಕೈಗಾರಿಕೆ, ಸಂಸ್ಥೆಗಳಲ್ಲಿ ದುಡಿಯುವ ಮತದಾರರಿಗೆ ಆ ದಿನ ಸಂಬಳಸಹಿತ ರಜೆ ವಿಧಿಸಿದೆ. ದಿನಗೂಲಿಯವರಿಗೂ ಕೂಲಿ ಕಡಿಯುವಂತಿಲ್ಲ. ತಪ್ಪಿದ ಧಣಿಗೆ ದಂಡವೂ ಉಂಟು, 500 ರೂಪಾಯಿವರೆಗೆ. ಹಬ್ಬದ ಒಂದು ಸೀರೆಯ ಬೆಲೆಯೂ ಅಲ್ಲ. ಆದರೆ ಆ ಕಲಮಿನಲ್ಲಿ 'ಮನೆ' ಎಂಬ ಮಾತು ಕಾಣುವುದಿಲ್ಲ. ರಜೆಯ ದಿನ ನೆಂಟರು ಬರುತ್ತಾರೆ, ಪಾತ್ರೆಗಳು ಹೆಚ್ಚುತ್ತವೆ. ಅವನ್ನು ತೊಳೆಯುವ ಹೆಂಗಸಿನ ಮತಗಟ್ಟೆ ಎರಡು ಬಸ್ಸುಗಳ ಆಚೆ ಇರುತ್ತದೆ. ಆಕೆಯ ಪಾಲಿಗೆ ರಜೆಯೆಂಬುದು ಇಂದಿಗೂ ಆ ಹಳೆಯ ಅರ್ಥದಲ್ಲೇ ಉಳಿದಿದೆ: ಅಪ್ಪಣೆ.

ಆ ಅಪ್ಪಣೆ ಕೊಡುವವರು ದಿಲ್ಲಿಯಲ್ಲಿಲ್ಲ, ವಿಧಾನಸೌಧದಲ್ಲಿಯೂ ಇಲ್ಲ, ನಾವೇ. ಮುಂದಿನ ಮತದಾನದ ಹಿಂದಿನ ಸಂಜೆಯೇ "ನಾಳೆ ಬರಬೇಡಮ್ಮ, ಓಟು ಹಾಕಿ ಬಾ, ಸಂಬಳ ಹಿಡಿಯುವುದಿಲ್ಲ" ಎಂದು ಹೇಳಿಬಿಡೋಣ. ಒಂದು ದಿನ ನಮ್ಮ ಪಾತ್ರೆಗಳನ್ನು ನಾವೇ ತೊಳೆದುಕೊಂಡರೆ ಬೆರಳಿನ ಮಸಿಯೇನೂ ಅಳಿಸಿಹೋಗದು.